ಸಾಹೇಬರ ಡಿಲೀಟೆಡ್ ಐಟಮ್ಸ್

ಧಾರವಾಡದ ನಮ್ಮ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವುದಕ್ಕೆಂದು ಸಂಬಳ ಪಡೆಯುವ ನನ್ನನ್ನು, ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಎಂದೋ ಎಳೆದುಕೊಟ್ಟ ಪುಣ್ಯಕ್ಕೆ, ಎಲ್ಲರೂ ಕಂಪ್ಯೂಟರ್ ತಜ್ಞನೆಂದೇ ನಂಬಿದ್ದಾರೆ. ಹಾಗಾಗಿ ಈ ಸೋಮವಾರ ಸಾಹೇಬರು ಇಮೇಲ್ ನೋಡುವ ಔಟ್‌ಲುಕ್ ತಂತ್ರಾಂಶ ತೆರೆದುಕೊಳ್ಳದೆ ಹಟ ಹಿಡಿದಾಗ, ಜಿಎಸ್‌ಟಿ ರಿಟರ್ನ್ ಬದಿಗಿಟ್ಟು ಅವರ ಕುರ್ಚಿಯಲ್ಲಿ ನಾನು ಕುಳಿತೆ. ಕುರ್ಚಿಯ ಹಿಂದೆ ಅವರು ನಿಂತರು.

ಹಾರ್ಡ್ ಡಿಸ್ಕ್ ಕೆಲವು ದಿನಗಳಿಂದಲೇ ಕಟಕಟ ಎನ್ನುತ್ತಿತ್ತಂತೆ. ಸಾಹೇಬರ ಇಷ್ಟು ವರ್ಷಗಳ ಇಮೇಲ್ ಎಲ್ಲವೂ ಇರುವುದು ಪಿಎಸ್‌ಟಿ ಎಂಬ ಒಂದೇ ಫೈಲಿನಲ್ಲಿ. ಯಾವ ಪತ್ರ ಎಲ್ಲಿದೆ ಎಂಬ ಸೂಚಿಯೂ ಅದರೊಳಗೇ ಇರುತ್ತದೆಯಾದ್ದರಿಂದ, ಆ ಸೂಚಿ ಬರೆದಿರುವ ಜಾಗದಲ್ಲಿ ಸೆಕ್ಟರ್ ಎನ್ನುವ 4096 ಬೈಟ್‌ಗಳ ಒಂದು ಚಿಕ್ಕ ತುಣುಕು ಕೆಟ್ಟರೂ ಸಾಕು, ಇಡೀ ಫೈಲ್ ಬಾಗಿಲು ಹಾಕಿಕೊಳ್ಳಬಹುದು. ಹಿಂದೆ ಈ ಫೈಲಿಗೆ 2 ಜಿಬಿಯ ಮಿತಿಯಿತ್ತು. ಔಟ್‌ಲುಕ್ 2010ರಿಂದ ಈಚೆಗೆ ಅದು 50 ಜಿಬಿಗೆ ಏರಿದೆ, ಸಾಹೇಬರು ಅದನ್ನೂ ಮುಟ್ಟುವ ಹಾದಿಯಲ್ಲಿದ್ದರು.

"ಡಿ ಡ್ರೈವ್‌ದಾಗ ಬ್ಯಾಕಪ್ ಐತಲ್ರೀ" ಎಂದರು. ಸಿ ಮತ್ತು ಡಿ ಎರಡೂ ಒಂದೇ ಡಿಸ್ಕಿನ ಎರಡು ಪಾಲುಗಳೆಂದು ವಿವರಿಸಿದೆ. "ಪಾಲಾದ ಮ್ಯಾಲ ಬ್ಯಾರೆ ಬ್ಯಾರೆ ಅಲ್ಲೇನ್ರೀ?" ಎಂದು ಅವರು ಆಸ್ತಿ ವಿಭಾಗದ ನ್ಯಾಯ ಹೇಳಿದರು.

ಮೊದಲು ಫೈಲನ್ನು ಬೇರೆ ಡಿಸ್ಕಿಗೆ ನಕಲು ಮಾಡಿಕೊಳ್ಳಬೇಕು. ಆದರೆ ನಕಲು ಅರ್ಧದಲ್ಲೇ ನಿಂತು "ಸೈಕ್ಲಿಕ್ ರಿಡಂಡೆನ್ಸಿ ಚೆಕ್" ಎಂದು, ಅಂದರೆ ಡಿಸ್ಕಿನಿಂದ ಸರಿಯಾಗಿ ಓದಲಾಗುತ್ತಿಲ್ಲವೆಂದು, ಬೈದುಕೊಂಡಿತು. ಅನಿವಾರ್ಯವಾಗಿ ಡಿಸ್ಕ್ ತಪಾಸಣೆ ಮಾಡುವ ಚೆಕ್‌ಡಿಸ್ಕ್ ಓಡಿಸಿದೆ. ಅದು ಓದಲಾಗದ ಸೆಕ್ಟರುಗಳನ್ನು ಗುರುತು ಹಾಕುತ್ತ ಮಧ್ಯಾಹ್ನದ ಊಟವನ್ನೂ ನುಂಗಿತು. ಆಮೇಲೆ ನಕಲಾದ ಫೈಲಿನ ಮೇಲೆ ಅದನ್ನು ದುರಸ್ತಿ ಮಾಡುವ ಸ್ಕ್ಯಾನ್‌ಪಿಎಸ್‌ಟಿ ಎಂಬ ಸಾಧನವನ್ನು ಬಿಟ್ಟರೆ, ಅದರ ತಪಾಸಣೆಗೆ 8 ಹಂತಗಳು, ಹಂತ ಹಂತಕ್ಕೂ ಹಿಂದಿನಿಂದ "ಆತೇನ್ರೀ?"

ಈ ನಡುವೆ ಸಾಹೇಬರು ನಿಧಾನವಾಗಿ ಬಾಯಿಬಿಟ್ಟರು: "ಮಹತ್ವದ್ದೆಲ್ಲಾ ಡಿಲೀಟೆಡ್ ಐಟಮ್ಸ್‌ದಾಗ ಇಟ್ಟೀನ್ರಿ, ಮೊದಲ ಅದನ್ನ ನೋಡ್ರಿ."

ನಾನು ತಿರುಗಿ ನೋಡಿದೆ. ಅವರು ತಮಾಷೆ ಮಾಡುತ್ತಿರಲಿಲ್ಲ. ಫೋಲ್ಡರ್ ಮಾಡಿ, ಹೆಸರಿಟ್ಟು, ಪತ್ರವನ್ನು ಎಳೆದು ಹಾಕುವ ರಗಳೆ ಯಾರಿಗೆ ಬೇಕು, ಡಿಲೀಟ್ ಗುಂಡಿ ಒತ್ತಿದರೆ ಅದು ತಾನಾಗಿ ಹೋಗಿ ಒಂದು ಕಡೆ ಕೂಡುತ್ತದಲ್ಲ ಎಂಬುದು ಅವರ ವಾದ. ಪರಿಣಾಮವಾಗಿ ಅವರ ಇನ್‌ಬಾಕ್ಸ್ ತುಂಬ ಸಾಲ ಬೇಕೇ, ನಿವೇಶನ ಬೇಕೇ ಎಂಬ ಜಾಹೀರಾತುಗಳು. ಬ್ಯಾಂಕಿನ ಮಂಜೂರಾತಿ ಪತ್ರ, ಟೆಂಡರು, ಆದಾಯ ತೆರಿಗೆಯ ನೋಟಿಸು, ಮಗಳ ಮದುವೆಯ ಕಲ್ಯಾಣ ಮಂಟಪದ ರಸೀದಿ ಎಲ್ಲವೂ ಕಸದ ಬುಟ್ಟಿಯಲ್ಲಿ, ಭದ್ರ. "ಅಲ್ಲಿ ಯಾರೂ ಕೈ ಹಾಕೂದಿಲ್ಲ ನೋಡ್ರಿ" ಎಂದು ಲಾಕರಿನ ಗುಟ್ಟು ಹೇಳಿದಂತೆ ದನಿ ತಗ್ಗಿಸಿದರು. ವರ್ಷಾಂತ್ಯದಲ್ಲಿ ಯಾವ ಕಾಗದ ಕೇಳಿದರೂ ಅವರು "ಡಿಲೀಟ್ ಮಾಡೀನಿ, ಕಳಸ್ತೀನಿ" ಎನ್ನುತ್ತಿದ್ದುದರ ಅರ್ಥ ಆಗ ಹೊಳೆಯಿತು.

ಸಂಜೆ ಹೊತ್ತಿಗೆ ಪತ್ರಗಳೇನೋ ಬಂದವು. ಬಹಳಷ್ಟು ತಮ್ಮ ಜಾಗಕ್ಕೆ ಹೋಗದೆ ಲಾಸ್ಟ್ ಅಂಡ್ ಫೌಂಡ್ ಎಂಬ ಫೋಲ್ಡರಿನಲ್ಲಿ ರಾಶಿ ಬಿದ್ದವು. ಅದರಲ್ಲಿ ಈಗ ನಮ್ಮೊಂದಿಗಿಲ್ಲದ ಹೆಡ್ ಕ್ಲರ್ಕ್ ಎಲ್ಲರಿಗೂ ಕಳಿಸಿದ್ದ ಒಂದು ಸಾಲಿನ ಪತ್ರವಿತ್ತು: ನಾಳೆ ಗಿರ್ಮಿಟ್ ನಾನು ತರುತ್ತೇನೆ, ಯಾರೂ ಡಬ್ಬಿ ತರಬೇಡಿ. ಇಬ್ಬರೂ ಅದನ್ನು ಎರಡೆರಡು ಸಲ ಓದಿದೆವು. "ಇದನ್ನ ತೆಗೆದಿಡೂಣು" ಎಂದ ಸಾಹೇಬರು, ನನ್ನ ಭುಜದ ಮೇಲಿಂದ ಕೈ ಚಾಚಿ ಡಿಲೀಟ್ ಒತ್ತಿದರು.

ಹೊಸ ಡಿಸ್ಕ್ ಬಂದಿದೆ, ಬ್ಯಾಕಪ್ಪಿಗೆ ಬೇರೆಯದೇ ಡಿಸ್ಕ್ ಇದೆ. ಔಟ್‌ಲುಕ್ ಮುಚ್ಚುವಾಗಲೆಲ್ಲ ಡಿಲೀಟೆಡ್ ಐಟಮ್ಸನ್ನು ತಾನಾಗಿ ಖಾಲಿ ಮಾಡುವ ಒಂದು ಆಯ್ಕೆಯೂ ಅದರ ಸೆಟ್ಟಿಂಗಿನಲ್ಲಿದೆ. ಆ ಸುದ್ದಿಯನ್ನು ಮಾತ್ರ ಯಾರೂ ದಯವಿಟ್ಟು ನಮ್ಮ ಸಾಹೇಬರ ಕಿವಿಗೆ ಹಾಕಬಾರದು.