ಹಣ್ಣಿನ ಬುಟ್ಟಿ ವಾಪಸ್ ಕೊಡಿ ಸಾರ್

ನನ್ನ ಸಾಹಿತ್ಯ ಕೃಷಿ ಅಂದ್ರೆ ಹೋದ ದೀಪಾವಳಿಗೆ ಬರೆದ ಒಂದೇ ಒಂದು ಪದ್ಯ, 16 ಸಾಲು, ಅದ್ರಲ್ಲೂ 4 ಸಾಲು ಎರಡೆರಡು ಸಲ ಬಂದಿದೆ. ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ್ದೆ, 21 ಜನ ನೋಡಿದ್ರು, ಅದ್ರಲ್ಲಿ ಒಬ್ಬ ಮನೆಗೆ ಸಿಲಿಂಡರ್ ಹಾಕೋ ಹುಡುಗ. ಅದಾಗಿ ಮೂರು ವಾರಕ್ಕೆ ಯಾವ್ದೋ ನಂಬರಿಂದ ಮೆಸೇಜು. ಕನ್ನಡ ಸಾರಸ್ವತ ಲೋಕಕ್ಕೆ ತಾವು ಸಲ್ಲಿಸಿದ ಅನುಪಮ ಸೇವೆ ಗುರುತಿಸಿ ರಾಷ್ಟ್ರಮಟ್ಟದ ಪ್ರಶಸ್ತಿಗೆ ಆಯ್ಕೆ ಮಾಡಲಾಗಿದೆ ಅಂತ. ಎದೆ ಢವಢವ ಅಂತು. ಕೆಳಗಡೆ ನೋಡಿದ್ರೆ ಗೂಗಲ್ ಪೇ ನಂಬರು, ನೋಂದಣಿ ಶುಲ್ಕ 3,000, ಊಟ ಬೇಕಂದ್ರೆ 250 ಬೇರೆ.

ನಗಬೇಡಿ, ಕಳಿಸಿದೆ. ಊಟದ್ದೂ ಸೇರಿಸಿ.

ಯಾಕಂದ್ರೆ ನೋಡಿ, ಬರೆಯೋರನ್ನ ಗುರುತಿಸಿದ್ರೆ ಇನ್ನೂ ಬರೀತಾರೆ, ಡ್ರಾಯರಲ್ಲಿ ಬಚ್ಚಿಟ್ಟಿದ್ದನ್ನ ಆಚೆ ತರ್ತಾರೆ ಅನ್ನೋದು ಸುಳ್ಳೇನಲ್ಲ. ಹಾಸನದ ಬಾನು ಮುಷ್ತಾಕ್ ಅವರು 1990ರಿಂದ ಬರ್ಕೊಂಡು ಬಂದ ಕಥೆಗಳಲ್ಲಿ 12 ಆರಿಸಿ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ್ರು, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು, 50 ಸಾವಿರ ಪೌಂಡು ಇಬ್ರಿಗೂ ಸಮ ಸಮ. ಆಮೇಲೆ ನಮ್ಮ ಆಫೀಸಲ್ಲಿ ಕನ್ನಡ ಪುಸ್ತಕ ಮುಟ್ಟದೇ ಇರೋರೂ ಎಲ್ಲಿ ಸಿಗುತ್ತೆ ಗುರೂ ಅಂತ ಕೇಳ್ಕೊಂಡು ಬಂದ್ರು. ಆದ್ರೆ ಅಲ್ಲಿ ಯಾರೋ ಕೂತ್ಕೊಂಡು ಆ ಕಥೆಗಳನ್ನ ಓದಿದ್ರು ಅನ್ನೋದೊಂದು ಸಣ್ಣ ವ್ಯತ್ಯಾಸ ಇದೆ. ನಮ್ಮಲ್ಲಿ ಆ ತಾಪತ್ರಯ ಇಲ್ಲ.

ಸರ್ಕಾರದ್ದೂ ಒಂದು ಲೆಕ್ಕ ಇದೆ, ಎಷ್ಟನೇ ರಾಜ್ಯೋತ್ಸವವೋ ಅಷ್ಟು ಪ್ರಶಸ್ತಿ. 2025ಕ್ಕೆ 70 ಜನ, ತಲಾ 5 ಲಕ್ಷ, 25 ಗ್ರಾಂ ಚಿನ್ನದ ಪದಕ. ಬರೆಯೋರು, ಹಾಡೋರು, ಡಾಕ್ಟ್ರು ಎಲ್ಲಾ ಸೇರಿದ್ರೂ ಅಷ್ಟೇ, ಸಾಧನೆ ಜಾಸ್ತಿ ಆಗ್ಲಿ ಕಮ್ಮಿ ಆಗ್ಲಿ ವರ್ಷಕ್ಕೊಂದು ಸೀಟು ಏರುತ್ತೆ. 2055ಕ್ಕೆ ನೂರು ಪಕ್ಕಾ, ನಾನು ಅಲ್ಲೀತನಕ ಬಿಪಿ ಮಾತ್ರೆ ಸರಿಯಾಗಿ ನುಂಗ್ತಾ ಇರೋದು ಒಳ್ಳೇದು. ಇನ್ನು ಪುಸ್ತಕ ಮಾಡಿ ದುಡ್ಡು ನೋಡ್ತೀನಿ ಅಂದ್ರೆ, ಸಾವಿರ ಪ್ರತಿ ಹಾಕಿಸ್ತಿದ್ದ ಪ್ರಕಾಶಕರು ಈಗ ಇನ್ನೂರು ಮುನ್ನೂರಕ್ಕೆ ಬಂದು ನಿಂತಿದಾರೆ, ಲೈಬ್ರರಿ ಸಗಟು ಖರೀದೀಲಿ ಪುಟಕ್ಕಿಷ್ಟು ಅಂತ ರೇಟು, ಬೀನ್ಸ್ ತೂಗಿದ ಹಾಗೆ, ಆ ದುಡ್ಡೂ ಯಾವಾಗ ಬರುತ್ತೋ ದೇವ್ರೇ ಬಲ್ಲ. ಅದಕ್ಕಿಂತ 3,000 ಕೊಟ್ಟು ಭಾನುವಾರ ಸಾಯಂಕಾಲದೊಳಗೆ ಸಾಹಿತಿ ಆಗೋದು ಸಲೀಸು.

ಸಮಾರಂಭಕ್ಕೆ ಹೋದೆ. ಬ್ಯಾನರಲ್ಲಿ ಅಂಚೆಚೀಟಿ ಸೈಜಿನ ಫೋಟೋಗಳು, ಎಣಿಸಿದೆ, 84. ನನ್ನದು ಕೆಳಗಿನ ಸಾಲಲ್ಲಿ, ಹೆಸರಿನ ಹಿಂದೆ ಡಾ. ಅಂತ ಇತ್ತು, ಯಾಕಂತ ಕೇಳಿದ್ದಕ್ಕೆ ಇರ್ಲಿ ಬಿಡಿ ಸಾರ್ ಅಂದ್ರು. ಸಭಿಕರ ಸಾಲಲ್ಲಿ ಕೂತಿದ್ದೋರೆಲ್ಲಾ ಪ್ರಶಸ್ತಿ ತಗೊಳ್ಳೋರೇ, ಇಲ್ಲಾ ಅವರ ಮನೆಯೋರು. ಉದ್ಘಾಟನೆಗೆ ಬರಬೇಕಾದ ಮಾಜಿಗಳು ಎರಡು ಗಂಟೆ ಲೇಟು, ಬಂದೋರು ಮಳೆ ಬೆಳೆ ಬಗ್ಗೆ ಮಾತಾಡಿ ಹೋದ್ರು.

ಆಮೇಲೆ ಹತ್ತತ್ತು ಜನರನ್ನ ಸ್ಟೇಜಿಗೆ ಕರೆದ್ರು. ಒಬ್ಬ ಬಂದು ತಲೆಗೆ ಮೈಸೂರು ಪೇಟ ಇಟ್ಟ, ಹಿಂದೇನೇ ಒಬ್ಬ ಶಾಲು, ಇನ್ನೊಬ್ಬ ಗಂಧದ ಹಾರ ಅಂತ ಹೇಳೋ ಮರದ ಸಿಪ್ಪೆ ಹಾರ, ನಾಲ್ಕನೆಯೋನು ಬಣ್ಣದ ಪ್ಲಾಸ್ಟಿಕ್ ಸುತ್ತಿದ ಹಣ್ಣಿನ ಬುಟ್ಟಿ. ಪೇಟ ನನ್ನ ತಲೆಗೆ ದೊಡ್ಡದಾಗಿ ಕಣ್ಣಿನ ತನಕ ಜಾರ್ತು, ಒಳಗಡೆ ಹಿಂದಿನ ಸಾಹಿತಿಗಳ ಬೆವರು ಇನ್ನೂ ಆರಿರಲಿಲ್ಲ, ಕೊಬ್ಬರಿ ಎಣ್ಣೆ ವಾಸನೆ. ಫೋಟೋದೋನು ಸಾರ್ ಇಲ್ನೋಡಿ ಅಂದ, ಫ್ಲಾಶ್ ಹೊಡೀತು, ಅಷ್ಟೇ, ಪೇಟ ಎದ್ದೋಯ್ತು. ನಾನು ಬುಟ್ಟಿ ತಬ್ಕೊಂಡು ಮೆಟ್ಲು ಇಳೀತಿದ್ರೆ ಹುಡುಗ ಓಡ್ಬಂದು ಕಿವೀಲಿ ಹೇಳ್ದ, ಹಣ್ಣಿನ ಬುಟ್ಟಿ ವಾಪಸ್ ಕೊಡಿ ಸಾರ್, ಮುಂದಿನ ಬ್ಯಾಚಿಗೆ ಬೇಕು. ಒಂದು ಬಾಳೆಹಣ್ಣಾದ್ರೂ ಕಿತ್ಕೋಬಹುದಿತ್ತು, ಪ್ಲಾಸ್ಟಿಕ್ಕು ಟೈಟಾಗಿತ್ತು.

ನನ್ನ ಕೈಲಿ ಉಳಿದಿದ್ದು ಶಾಲು ಮತ್ತೆ ನೆನಪಿನ ಕಾಣಿಕೆ. ಕಾಣಿಕೆ ಮೇಲಿನ ಸ್ಟಿಕರ್ ಬಸ್ಸಲ್ಲೇ ಅರ್ಧ ಎದ್ದಿತ್ತು, ಕೆಳಗಡೆ ಯಾವ್ದೋ ಕಬಡ್ಡಿ ಟೂರ್ನಮೆಂಟಿನ ದ್ವಿತೀಯ ಬಹುಮಾನ. ಊಟ ಪಲಾವ್ ಖಾಲಿ ಆಗಿ ಮೊಸರನ್ನ ಸಿಕ್ತು. ನನ್ನ ಪದ್ಯದ ಹೆಸರು ಆ ಐದೂವರೆ ಗಂಟೆಯಲ್ಲಿ ಯಾರ ಬಾಯಲ್ಲೂ ಬರ್ಲಿಲ್ಲ, ಅದು ಪದ್ಯ ಅಂತ್ಲೇ ಆಯೋಜಕರಿಗೆ ಗೊತ್ತಿತ್ತೋ ಇಲ್ವೋ, ಒಬ್ರು ನಿಮ್ಮ ಕಾದಂಬರಿ ಚೆನ್ನಾಗಿದೆ ಅಂತ ಕೈ ಕುಲುಕಿದ್ರು.

ಫೋಟೋ ಹಾಕಿದೆ ನೋಡಿ, 340 ಲೈಕು. ಸೋದರಮಾವ ಫೋನ್ ಮಾಡಿ ಅತ್ರು. ನಮ್ಮ ಅಪಾರ್ಟ್‌ಮೆಂಟ್ ಗ್ರೂಪಲ್ಲಿ ನೀರಿನ ಟ್ಯಾಂಕರ್ ಜಗಳ ನಿಲ್ಸಿ ಹೂಗುಚ್ಛ ಹಾಕಿದ್ರು.

ಎದುರುಮನೆ ರಿಟೈರ್ಡ್ ಟೀಚರಮ್ಮ ಮಾತ್ರ ಲೈಕ್ ಒತ್ತಲಿಲ್ಲ. ಮಾರನೇ ದಿನ ಹಾಲು ತಗೊಳ್ಳೋವಾಗ ಸಿಕ್ಕಿ, ಅಲ್ಲಪ್ಪಾ, ನಿನ್ನ ಆ ಸ್ಟೇಟಸ್ ಪದ್ಯ ಬರ್ಕೊಂಡಿಟ್ಕೊಂಡಿದ್ದೆ, ಹತ್ತನೇ ಸಾಲಲ್ಲಿ ದೀಪಾವಳಿಗೆ ಹೊಂಗೆ ಹೂವು ಉದುರ್ಸಿದೀಯಲ್ಲ, ಹೊಂಗೆ ಹೂ ಬಿಡೋದು ಯುಗಾದಿ ಹೊತ್ತಿಗಲ್ವೇನೋ ಅಂದ್ರು. ನಂಗೆ ನಾಚಿಕೆ ಆಯ್ತು, ಖುಷೀನೂ ಆಯ್ತು, ಯಾವ್ದು ಜಾಸ್ತಿ ಅಂತ ಗೊತ್ತಾಗ್ಲಿಲ್ಲ. ರಾತ್ರಿ ಕೂತ್ಕೊಂಡು ಹೊಂಗೆ ಹೊಡೆದು ಚೆಂಡುಹೂ ಹಾಕಿದೆ, ಚೆಂಡುಹೂ ಹಾಗೆಲ್ಲಾ ಉದುರಲ್ಲ ಅನಿಸ್ತು, ಹುಚ್ಚೆಳ್ಳು ಹೂ ಅಂತ ಮಾಡಿದೆ, ಅದಕ್ಕೆ ಹನ್ನೊಂದನೇ ಸಾಲು ಕೂರಲ್ಲ, ಅದನ್ನೂ ಹೊಡೆದೆ. ಹನ್ನೆರಡೂವರೆ ಆಗಿತ್ತು, ಫೋನ್ ಟಿಂಗ್ ಅಂತು. ಮುಂದಿನ ಸಲ ತಮ್ಮನ್ನ ಆಯ್ಕೆ ಸಮಿತಿಗೇ ತಗೊಳ್ಳೋಣ ಅಂತಿದೀವಿ ಡಾಕ್ಟ್ರೇ, 5,000 ಆಗುತ್ತೆ, ಪೇಟ ಮನೆಗೇ ತಗೊಂಡು ಹೋಗ್ಬಹುದು.