ಸೋಲ್ತಾ ಇರೋ ಕಾಲೇಜ್ ಕಬಡ್ಡಿ ಟೀಮಿಗೆ ಮೊದ್ಲು ಪ್ರಚಾರ ಬೇಕಾ?

ಮುಂಬೈಯಲ್ಲಿ ಕನ್ನಡದ ಹುಡುಗ್ರು ತುಂಬಾ ಜನ ಓದಿದ ನಮ್ಮ ಕಾಲೇಜಿನ ಕಬಡ್ಡಿ ಟೀಮು ಮೂರು ವರ್ಷದಿಂದ ಇಂಟರ್ ಕಾಲೇಜ್ ಪಂದ್ಯದಲ್ಲಿ ಮೊದಲ್ನೇ ಸುತ್ತು ದಾಟಿಲ್ಲ. ಹಳೇ ವಿದ್ಯಾರ್ಥಿಗಳು ಸೇರಿಸಿದ ದುಡ್ಡನ್ನ ಈ ಸಲ ಟೀಮಿನ ಪ್ರಚಾರಕ್ಕೆ ಹಾಕೋಣ ಅಂತ ಒಂದು ಮಾತು ಬಂದಿದೆ. ಬೇಕು ಅನ್ನೋರು ಒಬ್ರು, ಬೇಡ ಅನ್ನೋರು ಒಬ್ರು ಬರೆದಿದ್ದಾರೆ.

ಪರ: ನೋಡುವವರು ಬಂದ್ರೆ ಟೀಮು ಉಳಿತದೆ

ಕಳೆದ ವರ್ಷದ ಮ್ಯಾಚಿಂದಲೇ ಶುರು ಮಾಡ್ತೇನೆ, ಯಾಕಂದ್ರೆ ಅದು ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಎದುರಿನ ಕಾಲೇಜಿನವರು ಢೋಲು ತಂದಿದ್ರು, ಹುಡುಗ ಹುಡುಗಿಯರು ಗುಂಪು ಗುಂಪಾಗಿ ಬಂದಿದ್ರು, ಅವರ ರೈಡರ್, ಅಂದ್ರೆ ಎದುರಿನವರನ್ನು ಮುಟ್ಟಿ ಬರ್ಲಿಕ್ಕೆ ಹೋಗುವವ, ನಡು ಗೆರೆ ದಾಟುವಾಗ ಅಲ್ಲಿ ಇದ್ದವರೆಲ್ಲ ಎದ್ದು ನಿಲ್ತಿದ್ರು. ನಮ್ಮ ಕಡೆ ನಾನು, ನನ್ನ ಮಗ, ಆಟಗಾರರ ಪೈಕಿ ಇಬ್ಬರ ಅಪ್ಪಂದಿರು. ಅಷ್ಟೇ ಜನ. ಹಾಫ್ ಟೈಮಿಗೆ ನಮ್ಮವರು ನಾಲ್ಕೇ ಪಾಯಿಂಟ್ ಹಿಂದೆ ಇದ್ದದ್ದು ಮಾರಾಯ್ರೆ, ನಾಲ್ಕೇ ನಾಲ್ಕು. ಆಮೇಲೆ ಒಂದು ಲೋನಾ ಬಿತ್ತು, ಏಳೂ ಜನ ಔಟ್, ಎದುರಿನವರಿಗೆ ಎರಡು ಪಾಯಿಂಟ್ ಮೇಲಿಂದ ಸಿಕ್ಕಿತು, ಅಲ್ಲಿಂದ ನಮ್ಮ ಹುಡುಗರ ಮುಖ ಬಾಡಿ ಹೋಯ್ತು. ಮತ್ತೆ ಮೂರು ಜನ ಉಳಿದಾಗ ಅವರ ರೈಡರನ್ನು ಹಿಡಿದು ಸೂಪರ್ ಟ್ಯಾಕಲ್ ಮಾಡಿದ್ರೆ ಎರಡು ಪಾಯಿಂಟ್ ವಾಪಸ್ ತೆಗಿಬಹುದಿತ್ತು, ಆದ್ರೆ ಅಂಥ ಹೊತ್ತಲ್ಲಿ ಕೈ ಕೈ ಹಿಡ್ಕೊಂಡು ನಿಂತ ಹುಡುಗನಿಗೆ ಹಿಂದಿಂದ ತನ್ನ ಹೆಸರು ಕೂಗುವ ಒಂದು ಸ್ವರ ಕೇಳ್ಬೇಕು. ನಾನೊಬ್ಬ ಕೂಗಿದೆ, ಗಂಟಲು ಒಡೆದು ಹೋಯ್ತು.

ನಾನು ಊರಿಂದ ಬಂದು ಮುಂಬೈಯ ಫೋರ್ಟ್ ಏರಿಯಾದ ಒಂದು ಹೋಟ್ಲಲ್ಲಿ ಕೆಲಸಕ್ಕೆ ಸೇರಿ, ರಾತ್ರಿ ಶಾಲೆಯಲ್ಲಿ ಹತ್ತನೇ ಕ್ಲಾಸು ಮುಗಿಸಿ ಈ ಕಾಲೇಜಿಗೆ ಬಂದವ. ಆಗ ನಮ್ಮ ಮ್ಯಾಚ್ ಉಂಟು ಅಂದ್ರೆ ಹೋಟೆಲಿನ ಹುಡುಗರೇ ಮೊದಲು ಬರ್ತಿದ್ದದ್ದು, ಮಧ್ಯಾಹ್ನ ಊಟದ ಗಿರಾಕಿಗಳು ಮುಗಿದ ಮೇಲೆ ಸಂಜೆ ಕಾಫಿ ತಿಂಡಿ ಶುರುವಾಗುವ ತನಕ ಸಿಗುವ ಎರಡು ಗಂಟೆ ಬಿಡುವಲ್ಲಿ ಟ್ರೇನ್ ಹಿಡಿದು ಬಂದು, ನೋಡಿ, ಓಡಿ ಹೋಗ್ತಿದ್ರು. ಯಾರೂ ಪೋಸ್ಟರ್ ಹಚ್ಚಿರ್ಲಿಲ್ಲ, ಬಾಯಿಂದ ಬಾಯಿಗೆ ಸುದ್ದಿ ಹೋಗ್ತಿತ್ತು. ಈಗ ಆ ಸರಪಳಿ ತುಂಡಾಗಿದೆ. ಮಾಟುಂಗದಲ್ಲಿ ನಮ್ಮದೇ ಜನ ಇಷ್ಟು ಇದ್ದಾರೆ, ಸಂಘಗಳು ಉಂಟು, ನಾಟಕಕ್ಕೆ ಯಕ್ಷಗಾನಕ್ಕೆ ಹಾಲ್ ತುಂಬ್ತದೆ, ಕಾಲೇಜಿಗೆ ಒಂದು ಕಬಡ್ಡಿ ಟೀಮು ಉಂಟು ಅಂತ ಮಾತ್ರ ಹತ್ತು ಜನರಿಗೆ ಗೊತ್ತಿಲ್ಲ.

ಪ್ರಚಾರ ಅಂದ್ರೆ ಬರೀ ಶೋ ಅಂತ ಹೇಳುವವರಿಗೆ ಕಬಡ್ಡಿದೇ ಕಥೆ ಹೇಳ್ತೇನೆ. 1990ರಲ್ಲಿ ಬೀಜಿಂಗ್ ಏಷ್ಯನ್ ಗೇಮ್ಸಿಗೆ ಕಬಡ್ಡಿ ಸೇರಿದ್ದು, ಆವತ್ತಿಂದ 2014ರ ತನಕ ಒಂದು ಸಲವೂ ಬಿಡದೆ ನಮ್ಮ ಗಂಡಸರ ಟೀಮು ಚಿನ್ನ ತಂದಿತು. ಆ ಆಟಗಾರರ ಹೆಸರು ಯಾರಿಗೆ ಗೊತ್ತಿತ್ತು? 2014 ಜುಲೈ 26ಕ್ಕೆ ಇಲ್ಲೇ ವರ್ಲಿಯಲ್ಲಿ ಪ್ರೊ ಕಬಡ್ಡಿ ಲೀಗಿನ ಮೊದಲ ಮ್ಯಾಚು, ಯು ಮುಂಬಾ ಮತ್ತು ಜೈಪುರ ಟೀಮು. ಆಟ ಅದೇ, ಗೆರೆ ಅದೇ, ಲೈಟು ಹಾಕಿದ್ರು, ಒಂದು ರೈಡಿಗೆ ಇರುವ 30 ಸೆಕೆಂಡಿನ ಗಡಿಯಾರ ಟಿವಿಯಲ್ಲಿ ತೋರಿಸಿದ್ರು, ಆಟಗಾರನ ಊರು ಮನೆ ಯಾವುದು ಅಂತ ಹೇಳಿದ್ರು. ಒಂದೇ ತಿಂಗಳಲ್ಲಿ ನಮ್ಮ ಹೋಟೆಲಿನ ಟಿವಿಯಲ್ಲಿ ಸೀರಿಯಲ್ ತೆಗೆದು ಕಬಡ್ಡಿ ಹಾಕಿ ಅಂತ ಗಿರಾಕಿಗಳು ಕೇಳ್ಲಿಕ್ಕೆ ಶುರು ಮಾಡಿದ್ರು. ರಿಶಾಂಕ್ ದೇವಾಡಿಗ ಈ ಮುಂಬೈಯ ಹುಡುಗ, ಹೆಸರು ಕೇಳಿದ್ರೇ ಯಾವ ಕಡೆಯ ಮನೆತನ ಅಂತ ನಮಗೆ ಗೊತ್ತಾಗ್ತದೆ, 2017ರಲ್ಲಿ ಯುಪಿ ಯೋಧಾಕ್ಕೆ ಆಡುವಾಗ ಒಂದೇ ಮ್ಯಾಚಲ್ಲಿ 28 ರೈಡ್ ಪಾಯಿಂಟ್ ತೆಗೆದ. ಆವತ್ತು ರಾತ್ರಿ ನನ್ನ ಫೋನಿಗೆ ಬಂದ ಮೆಸೇಜು ಲೆಕ್ಕ ಇಲ್ಲ, ಕಬಡ್ಡಿ ಗೊತ್ತಿಲ್ಲದ ಚಿಕ್ಕಮ್ಮಂದಿರೂ ಕಳಿಸಿದ್ರು.

ಇನ್ನೊಂದು ವಿಷಯ. ಹನ್ನೆರಡನೇ ಕ್ಲಾಸು ಮುಗಿಸಿದ ಒಳ್ಳೆ ಆಟಗಾರ ಯಾವ ಕಾಲೇಜಿಗೆ ಹೋಗ್ತಾನೆ? ಹೆಸರು ಕೇಳಿದ ಕಾಲೇಜಿಗೆ. ನಮ್ಮ ಹೆಸರೇ ಕೇಳದವ ನಮ್ಮಲ್ಲಿಗೆ ಯಾಕೆ ಬರ್ತಾನೆ, ಅವ ಬರದೆ ನಾವು ಗೆಲ್ಲುದು ಹೇಗೆ, ಗೆಲ್ಲದೆ ಹೆಸರು ಬರುದು ಹೇಗೆ. ಈ ಗಂಟನ್ನು ಎಲ್ಲಿಯಾದರೂ ಒಂದು ಕಡೆ ಬಿಡಿಸ್ಲೇ ಬೇಕಲ್ಲ, ನಾನು ಹೇಳುದು ಹೆಸರಿನ ಕಡೆಯಿಂದ ಬಿಡಿಸುವ ಅಂತ. ನಮ್ಮ ಹುಡುಗಿಯರ ಟೀಮು ಯಾಕೆ ನಿಂತು ಹೋಯ್ತು? ಅಂಥ ಒಂದು ಟೀಮು ಇತ್ತು ಅಂತಲೇ ಹೊಸದಾಗಿ ಸೇರಿದ ಹುಡುಗಿಯರಿಗೆ ಗೊತ್ತಾಗ್ಲಿಲ್ಲ, ಏಳು ಜನ ಸೇರ್ಲಿಲ್ಲ.

ನಾನು ದೊಡ್ಡದೇನೂ ಕೇಳ್ತಾ ಇಲ್ಲ. ಮ್ಯಾಚಿನ ದಿನ, ಜಾಗ, ಟೈಮು ಕನ್ನಡದಲ್ಲಿ ಬರೆದು ಹೋಟೆಲ್ ಹೋಟೆಲಿಗೆ ಹಚ್ಚುವ, ಹನ್ನೆರಡು ಹುಡುಗರಿಗೂ ಹೆಸರು ಹಾಕಿದ ಜೆರ್ಸಿ ಮಾಡಿಸುವ, ಪ್ರತಿಯೊಬ್ಬನ ಬಗ್ಗೆ ಒಂದು ನಿಮಿಷದ ರೀಲು, ಮ್ಯಾಚಿನ ದಿವಸ ಕಾಲೇಜಿಂದ ಒಂದು ಬಸ್ಸು. ನಮ್ಮ ಟೀಮಲ್ಲೇ ಆಡಿದ ಒಬ್ಬ ತಂಗಿ ಇದು ಬೇಡ ಹೇಳ್ತಾ ಇದ್ದಾಳೆ. ಅವಳ ಮಾತಿಗೆ ನಂಗೆ ಗೌರವ ಉಂಟು, ಅವಳಷ್ಟು ನಾನು ಆಡಿದವ ಅಲ್ಲ. ಆದ್ರೆ ಖಾಲಿ ಮೈದಾನದಲ್ಲಿ ಸೋಲುವ ಹುಡುಗರನ್ನು ಇನ್ನೊಂದು ವರ್ಷ ನೋಡ್ಲಿಕ್ಕೆ ನನ್ನಿಂದ ಆಗುದಿಲ್ಲ.

ವಿರೋಧ: ಮೊದ್ಲ ಆಡಾಕ ಜಾಗಾ ಕೊಡ್ರಿ

ಅಣ್ಣಾರ, ನೀವು ಕೂಗಿದ್ದು ಹುಡುಗ್ರಿಗೆ ಕೇಳ್ಸೇತಿ, ಅವ್ರ ನನಗ ಹೇಳ್ಯಾರ. ಅದಕ್ಕ ನಾ ಬರಿಯೂದು ನಿಮ್ಮ ಮ್ಯಾಲಿನ ಸಿಟ್ಟಿಗಲ್ಲ. ಆದ್ರ ಹುಡುಗ್ಯಾರ ಟೀಮಿನ ಮಾತು ನೀವು ತಗದ್ರಿ, ಅದರಾಗ ನಾ ಮೂರು ವರ್ಷ ಆಡೀನಿ, ಹಂಗಾಗಿ ಅಲ್ಲಿಂದನ ಹೇಳ್ತೀನಿ. ಹುಡುಗ್ಯಾರು ಸಿಗಲಿಲ್ಲ ಅಂತ ಟೀಮು ನಿಂತಿಲ್ಲ. ಹದಿನಾರು ಮಂದಿ ಹೆಸರು ಕೊಟ್ಟಿದ್ರು. ಬಟ್ಟಿ ಬದಲಸಾಕ ಒಂದು ರೂಮ್ ಇರಲಿಲ್ಲ, ಗ್ರೌಂಡು ಹುಡುಗ್ರು ಕ್ರಿಕೆಟ್ ಆಡಿ ಮುಗಿಸಿದ ಮ್ಯಾಲೆ ಸಂಜಿ ಆರೂವರಿಗೆ ನಮಗ ಸಿಗ್ತಿತ್ತು, ಎಂಟಕ್ಕ ಬಿಟ್ರ ದೂರದ ಕಳವಾ, ನಾಲಾಸೋಪಾರಾ ಕಡಿ ಹುಡುಗ್ಯಾರು ಮನಿ ಮುಟ್ಟೂದರೊಳಗ ಹತ್ತು ಹೊಡೀತಿತ್ತು. ಒಬ್ಬೊಬ್ರ ಅಪ್ಪಾ ಅವ್ವ ಬ್ಯಾಡಂದ್ರು. ನಮ್ಮಪ್ಪ ವಿಜಯಪುರದ ಕಡಿಂದ ಗೌಂಡಿ ಕೆಲಸಕ್ಕ ಈ ಊರಿಗೆ ಬಂದಾಂವ, ಅಂವ ದಿನಾ ಸ್ಟೇಷನ್ನಿಗೆ ಬಂದು ನಿಂತು ನನ್ನ ಕರ್ಕೊಂಡು ಹೋಗ್ತಿದ್ದ, ಅದಕ್ಕ ನಾ ಉಳದೆ. ಎಲ್ಲಾರ ಅಪ್ಪಗ ಅಷ್ಟು ಟೈಮ್ ಎಲ್ಲಿಂದ ಬರಬೇಕು? ಆಗ ನೀವು ಎಷ್ಟ ಪೋಸ್ಟರ್ ಹಚ್ಚಿದ್ರೂ ಆ ಟೀಮು ಉಳೀತಿರಲಿಲ್ಲ.

ಈಗಿನ ಹುಡುಗ್ರ ಕತಿ ಬ್ಯಾರೆ ಏನಿಲ್ಲ. ನಾನೀಗ ಸಾಲಿಯೊಳಗ ಪಿಟಿ ಟೀಚರ್, ರವಿವಾರ ಹೋಗಿ ಇವ್ರ ಪ್ರಾಕ್ಟೀಸ್ ನೋಡ್ತೀನಿ. ನಮ್ಮವ್ರು ಯಾಕ ಸೋಲ್ತಾರ ಅಂದ್ರ ಮಳಿ. ಜೂನಿನಾಗ ಕಾಲೇಜ್ ಚಾಲೂ ಆಗ್ತೈತಿ, ಮುಂಬೈ ಮಳಿ ಸಪ್ಟೆಂಬರ್ ತನಕ ಬಿಡೂದಿಲ್ಲ, ಟೀಮು ತಯಾರಾಗಬೇಕಾದದ್ದು ಅದ ನಾಲ್ಕು ತಿಂಗಳಾಗ. ನಮ್ಮ ಗ್ರೌಂಡು ಮಣ್ಣಿಂದು, ಒಂದು ದೊಡ್ಡ ಮಳಿ ಬಂತಂದ್ರ ಮೂರು ದಿನ ಕೆಸರು, ಕಾಲು ಇಡಾಕ ಆಗೂದಿಲ್ಲ. ವಾರದಾಗ ಎರಡು ದಿನ ಪ್ರಾಕ್ಟೀಸ್ ಆದ್ರ ಹೆಚ್ಚು. ಅದೂ ಮಣ್ಣಿನ ಮ್ಯಾಲೆ, ಮ್ಯಾಚ್ ಮಾತ್ರ ಮ್ಯಾಟಿನ ಮ್ಯಾಲೆ! ಬರಿಗಾಲಿಲೆ ಮಣ್ಣಾಗ ಕಲ್ತಾಂವ ಬೂಟ್ ಹಾಕ್ಕೊಂಡು ಮ್ಯಾಟಿಗಿ ಇಳದ್ರ ಅವನ ಲೆಕ್ಕಾ ಎಲ್ಲಾ ತಪ್ತೈತಿ. ಮಣ್ಣಾಗ ಡೈವ್ ಹೊಡದ್ರ ಮೈ ಜಾರ್ತೈತಿ, ಚರ್ಮ ಕಿತ್ತು ಹೋಗ್ತೈತಿ ಖರೆ, ಆದ್ರ ಮೈ ಮುಂದಕ್ಕ ಹೋಗ್ತೈತಿ. ಮ್ಯಾಟ್ ಹಿಡಕೋತೈತಿ. ಕಾಲು ಅಲ್ಲೇ ನಿಂತು ಮೈ ತಿರುಗಿತಂದ್ರ ಮೊಣಕಾಲು ಕೇಳ್ತೈತೇನ್ರಿ? ಹೋದ ವರ್ಷ ನಮ್ಮ ಎಡಗಡೆ ಮೂಲಿ ಡಿಫೆಂಡರ್ ಹಂಗ ಲಿಗಮೆಂಟ್ ಹರ್ಕೊಂಡ. ಎಂಆರ್‌ಐ ಮಾಡ್ಸಾಕ ರೊಕ್ಕ ಇಲ್ಲ ಅಂತ ಎರಡು ತಿಂಗಳು ಬರೀ ಬೆಲ್ಟ್ ಕಟ್ಕೊಂಡು ಕುಂಟಿದ. ಅಂವ ಹತ್ತೊಂಬತ್ತು ವರ್ಷದ ಹುಡುಗ, ಈಗ ಮೆಟ್ಲಾ ಇಳಿಬೇಕಂದ್ರ ಕಂಬಿ ಹಿಡಕೋತಾನ. ಅಂವನ ಹೆಸರಿನ ಜೆರ್ಸಿ ಮಾಡ್ಸಿ ಏನ್ ಮಾಡೂಣು?

ಹಾಫ್ ಟೈಮ್ ಆದಮ್ಯಾಲೆ ಲೋನಾ ಬಿತ್ತು ಅಂತ ನೀವ ಬರ್ದೀರಿ. ಕೂಗೂ ಮಂದಿ ಇರಲಿಲ್ಲ ಅಂತ ಬಿದ್ದದ್ದಲ್ಲ ಅದು. ನಲವತ್ತು ನಿಮಿಷದ ಆಟ, ಇಪ್ಪತ್ತು ನಿಮಿಷಕ್ಕ ನಮ್ಮವ್ರ ಕಾಲಾಗಿನ ಶಕ್ತಿ ಮುಗದಿತ್ತು. ರೈಡರ್‌ನ ಹಿಡಿಯಾಕ ಕೈ ಕೈ ಹಿಡದು ಚೈನ್ ಮಾಡಿದಾವ್ರ ಕೈ ಬಿಟ್ಟು ಹೋಗ್ತಿದ್ದು, ಯಾಕಂದ್ರ ಆ ಏಳೂ ಮಂದಿ ಒಟ್ಟಿಗೆ ನಿಂತು ಆಡಿದ್ದ ಕಡಿಮಿ. ಛಲೋ ಆಡೂ ಮೂರು ಹುಡುಗ್ರು ಇಲ್ಲೇ ಮುಂಬೈಯ ಲಾಲ್‌ಬಾಗ್, ಪ್ರಭಾದೇವಿ ಕಡೆ ಕಬಡ್ಡಿ ಮಂಡಳಕ್ಕ ಆಡ್ತಾರ, ಅಲ್ಲಿ ಅವ್ರಿಗೆ ದಿನಾ ಪ್ರಾಕ್ಟೀಸ್, ಕೋಚ್, ಎಲ್ಲಾ ಸಿಗ್ತೈತಿ. ಅವ್ರನ್ನ ನಾ ತಪ್ಪನ್ನಂಗಿಲ್ಲ. ಆ ಗಿರಣಿ ಚಾಳಿನ ಓಣ್ಯಾಗ ಕಬಡ್ಡಿಗೆ ಹುತುತು ಅನ್ನೂ ಕಾಲದಿಂದ ಈ ಆಟ ಬೆಳದದ್ದು, ಗಿರಣಿ ಹೋದ್ರೂ ಅಲ್ಲಿ ಮಂಡಳ ಉಳದಾವ. ಯಾಕ ಉಳದಾವ? ದಿನಾ ಸಂಜಿ ಯಾರೋ ಒಬ್ಬ ಹಿರ್ಯಾ ಬಂದು ಸುಣ್ಣದ ಗೆರಿ ಹಾಕ್ತಾನ, ಅದಕ್ಕ.

ಪ್ರೊ ಕಬಡ್ಡಿ ಮಾತು ಹೇಳಿದ್ರಿ. ಲೈಟಿನಿಂದ ಮಂದಿ ಬಂದ್ರು, ಒಪ್ಪತೀನಿ. ಆದ್ರ ಆ ಲೈಟ್ ಬಿದ್ದದ್ದು ಎಂಥಾವ್ರ ಮ್ಯಾಲೆ? ನೀವ ಹೇಳಿದ್ರಲ್ಲ, ಇಪ್ಪತ್ತನಾಲ್ಕು ವರ್ಷ ಚಿನ್ನ ತಂದಾವ್ರು ಅಂತ. ಅವ್ರ ಆಟ ಮೊದ್ಲ ತಯಾರಿತ್ತು, ತೋರ್ಸಾಕ ಟಿವಿ ಆಮ್ಯಾಲೆ ಬಂತು. ನಮ್ಮ ಕರ್ನಾಟಕದ ಬಿ. ಸಿ. ರಮೇಶ್ ಅವ್ರನ್ನ ನೋಡ್ರಿ, ಅರ್ಜುನ ಪ್ರಶಸ್ತಿ ಬಂದ ಆಟಗಾರ, ಆಮ್ಯಾಲೆ ಕೋಚ್ ಆಗಿ 2019ರಾಗ ಬೆಂಗಾಲ್ ವಾರಿಯರ್ಸಿಗೆ ಕಪ್ ಗೆಲ್ಲಿಸಿದ್ರು, ಹತ್ತನೇ ಸೀಸನ್ನಿನಾಗ ಇಲ್ಲೇ ಪಕ್ಕದ ಪುಣೇರಿ ಪಲ್ಟನ್ನಿಗೆ ಗೆಲ್ಲಿಸಿದ್ರು. ಪುಣೆ ಟೀಮಿನ ಪೋಸ್ಟರು ಅದಕ್ಕಿಂತ ಮೊದ್ಲ ವರ್ಷಾ ವರ್ಷಾ ಇದ್ದೂ ಕಪ್ ಬಂದಿರಲಿಲ್ಲ.

ರೀಲ್ ಬ್ಯಾಡ ಅಂತ ನಾ ಯಾಕ ಇಷ್ಟು ಹಟಾ ಹಿಡದೀನಿ ಅನ್ನೂದೂ ಹೇಳ್ತೀನಿ. ಹೋದ ವರ್ಷ ಯಾರೋ ನಮ್ಮವ್ರ ಒಂದು ರೀಲ್ ಮಾಡಿ ಬಿಟ್ರು. ಫಸ್ಟ್ ಇಯರಿನ ಹುಡುಗ, ಮೊದ್ಲನೇ ಮ್ಯಾಚು, ಪಾಯಿಂಟ್ ತರಲೇಬೇಕಾದ ಡೂ ಆರ್ ಡೈ ರೈಡಿಗೆ ಹೋಗಿ ಪಾದಾ ಹಿಡಿಸ್ಕೊಂಡು ಬಿದ್ದ, ಕಣ್ಣಾಗ ನೀರು ಬಂತು. ಮಾಡಿದಾವ್ರು ಕೆಟ್ಟ ಮನಸಿಲೆ ಮಾಡಿಲ್ಲ, ನಮ್ಮ ಹುಡುಗ್ರು ಎಷ್ಟು ಮನಸಿಟ್ಟು ಆಡ್ತಾರ ನೋಡ್ರಿ ಅಂತ ಹಾಕಿದ್ರು. ಬ್ಯಾರೆ ಕಾಲೇಜಿನಾವ್ರು ಅದಕ್ಕ ನಗೂ ಹಾಡು ಹಚ್ಚಿ ಹಂಚಿದ್ರು, ಲೋಕಲ್ ಟ್ರೇನಿನಾಗ ಅವನ ಮುಖ ನೋಡಿ ಒಬ್ಬಾಂವ ಗುರ್ತಾ ಹಿಡದು ಅಣಗಿಸಿದ್ನಂತ. ಆ ಹುಡುಗ ಮತ್ತ ಗ್ರೌಂಡಿಗೆ ಬರಲಿಲ್ಲ. ಎರಡು ಸಲ ಅವನ ಮನಿಗೆ ಹೋದೆ, ಅವ್ವ ಚಹಾ ಕೊಟ್ಟು ಕೂಡ್ಸಿದ್ಲು, ಹುಡುಗ ಒಳಗಿನ ಖೋಲಿಯಿಂದ ಹೊರಗ ಬರಲಿಲ್ಲ. ಅಂವ ಎಡಗಾಲಿಲೆ ಬೋನಸ್ ಗೆರಿ ದಾಟಿ ಪಾಯಿಂಟ್ ತಗಿಯೂದು ಎಷ್ಟು ಚಂದಿತ್ತು ಅಂತ ನೋಡಿದಾವ್ರಿಗೆ ಗೊತ್ತೈತಿ. ಗೆಲ್ಲೂ ಟೀಮಿಗೆ ಪ್ರಚಾರ ಮಾಡಿದ್ರ ಅವ್ರ ಬೆನ್ನ ಮ್ಯಾಲೆ ಕೈ ಇಟ್ಟಂಗ. ತಯಾರಿ ಇಲ್ಲದ ಹುಡುಗ್ರನ್ನ ನಾಲ್ಕು ಮಂದಿ ಮುಂದ ನಿಲ್ಲಿಸಿದ್ರ ಸೋತಾಗ ಅವ್ರಿಗೆ ಮುಖಾ ಮುಚ್ಕೊಳ್ಳಾಕ ಜಾಗಾ ಇರೂದಿಲ್ಲ.

ಹೋಟೆಲಿನಾಗ ಚೀಟಿ ಹಚ್ಚೂದಕ್ಕ ನನ್ನ ವಿರೋಧ ಇಲ್ಲ, ಅದಕ್ಕ ರೊಕ್ಕ ಬೇಕಾಗೂದಿಲ್ಲ. ರೀಲು, ಜೆರ್ಸಿ, ಬಸ್ಸು, ಇವಕ್ಕ ನನ್ನ ವಿರೋಧ. ಆ ರೊಕ್ಕದಾಗ ಮ್ಯಾಟ್ ತಗೋಳೂಣು. ಗಂಡು ಹುಡುಗ್ರ ಕೋರ್ಟು 13 ಮೀಟರ್ ಉದ್ದ 10 ಮೀಟರ್ ಅಗಲ, ಒಂದೊಂದು ಮೀಟರಿನ ತುಂಡಾದ್ರ 130 ಬೇಕು. ಎಲ್ಲಾ ಒಮ್ಮೆಲೆ ಆಗಲಿಲ್ಲಂದ್ರ ಅರ್ಧಾ ಕೋರ್ಟಿಗೆ 65 ತರೂಣು, ಡಿಫೆನ್ಸ್ ಕಲಿಯಾಕ ಅರ್ಧಾ ಕೋರ್ಟ್ ಸಾಕು. ಹುಡುಗ್ಯಾರ ಕೋರ್ಟು 12ಕ್ಕ 8, ಇದರಾಗ ಅವ್ರದ್ದೂ ಆಗ್ತೈತಿ, ಅವ್ರ ಟೀಮು ಮತ್ತ ಚಾಲೂ ಮಾಡೂ ಆಸೆ ನನಗ ಇನ್ನೂ ಹೋಗಿಲ್ಲ.

ಮ್ಯಾಟ್ ಹಾಸಾಕ ಮಳ್ಯಾಗ ಜಾಗಾ ಎಲ್ಲಿ ಅಂತ ಕೇಳ್ತೀರಿ. ನಮ್ಮ ಮಂದಿ ಮದುವಿ ಮಾಡೂ ಹಾಲ್‌ಗೋಳು ಆಷಾಢದಾಗ ಖಾಲಿ ಬಿದ್ದಿರ್ತಾವಲ್ಲ. ಚಾತುರ್ಮಾಸದಾಗ ಇಲ್ಲಿ ಮರಾಠಿ ಮಂದೀದೂ ಮದುವಿ ಕಡಿಮಿ. ಮಳಿ ಬರೂ ತಿಂಗಳಾ, ಹಾಲ್ ಖಾಲಿ ಇರೂ ತಿಂಗಳಾ ಬಹುತೇಕ ಒಂದ. ಮುಂಜಾನೆ ಆರರಿಂದ ಎಂಟು, ವಾರದಾಗ ನಾಲ್ಕು ದಿನ, ಕರೆಂಟಿನ ಖರ್ಚು ನಾವು ಕೊಟ್ರ ಯಾವುದರೆ ಒಂದು ಸಂಘದಾವ್ರು ಇಲ್ಲ ಅನ್ನಲಿಕ್ಕಿಲ್ಲ. ಹುಡುಗ್ಯಾರಿಗೂ ಮುಂಜಾನೆ ಆದ್ರ ಮನ್ಯಾಗ ಬಿಡ್ತಾರ, ಹಾಲಿನಾಗ ಬಟ್ಟಿ ಬದಲಸಾಕ ಮದುಮಗಳ ರೂಮ್ ಇದ್ದ ಇರ್ತೈತಿ.

ಅಣ್ಣಾರ, ನನ್ನ ಮಾತಿಗೆ ಹಾಲಿನಾವ್ರು ಬಾಗ್ಲಾ ತಗ್ಯೂದಿಲ್ಲ, ನಾ ಅವ್ರಿಗೆ ಯಾರು? ನೀವು ಮೂವತ್ತು ವರ್ಷದಿಂದ ಎಲ್ಲಾ ಸಂಘದ ಕಾರ್ಯಕ್ರಮಕ್ಕ ಅಡಗಿ ಕಳಿಸಿದಾವ್ರು, ನಿಮಗ ಎಲ್ಲಾರೂ ಗೊತ್ತು. ಈ ರವಿವಾರ ಮಾಟುಂಗಾಕ್ಕ ಹೋಗೂಣು, ಮಾತು ನೀವ ಆಡ್ರಿ, ನಾ ಕೋರ್ಟಿನ ಅಳತಿ ಬರ್ಕೊಂಡು ಬರ್ತೀನಿ.