ಚಾಕೊಲೇಟನ್ನು ಬಿಸಿಲಿಗೆ ಇಡಬೇಡಿ
ಚಾಕೊಲೇಟ್ ಅಂಗಡಿಗಳಲ್ಲಿ ಒಂದು ವಿಷಯ ನೋಡಿದರೆ ನನಗೆ ತುಂಬಾ ಬೇಜಾರಾಗುತ್ತದೆ. ಚೆಂದ ಕಾಣಲಿ ಅಂತ ಚಾಕೊಲೇಟನ್ನು ಬಿಸಿಲು ಬೀಳುವ ಕಿಟಕಿಯಲ್ಲೇ ಜೋಡಿಸಿರುತ್ತಾರೆ. ಮೇಲಿಂದ ಬಿಸಿ ಲೈಟು ಬೇರೆ! ಚಾಕೊಲೇಟಿನಲ್ಲಿರುವ ಕೊಬ್ಬು, ಅಂದರೆ ಕೋಕೋ ಬೆಣ್ಣೆ, ಸುಮಾರು 34 ಡಿಗ್ರಿಗೇ ಕರಗುತ್ತದೆ. ಪೂರ್ತಿ ಕರಗದಿದ್ದರೂ ನಿಧಾನಕ್ಕೆ ಮೇಲೆ ಬಂದು ಬಿಳಿ ಪೊರೆ ಕಟ್ಟುತ್ತದೆ. ಕೇಳಿದರೆ, ‘ಹಾಳಾಗಿಲ್ಲ, ತಿನ್ನಬಹುದು’ ಅನ್ನುತ್ತಾರೆ. ನಿಜ, ತಿನ್ನಬಹುದು. ಆದರೆ ಮುರಿದಾಗ ಬರುವ ಆ ‘ಟಕ್’ ಸದ್ದು, ನಾಲಿಗೆಯ ಮೇಲೆ ನುಣ್ಣಗೆ ಕರಗುವ ಗುಣ ಎಲ್ಲಿ ಹೋಯಿತು? ಅದಕ್ಕೇ ಅಲ್ವಾ ನಾವು ಜಾಸ್ತಿ ದುಡ್ಡು ಕೊಡುವುದು? ಇನ್ನು ಕೆಲವರು ಫ್ರಿಜ್ಜಿಗೆ ತಳ್ಳುತ್ತಾರೆ. ಹೊರಗೆ ತೆಗೆದರೆ ತೇವ ಕೂತು, ಸಕ್ಕರೆ ಕರಗಿ, ಮೈಯೆಲ್ಲ ತರಿತರಿ. ಯಾರೋ ಕಷ್ಟಪಟ್ಟು ಹದ ಮಾಡಿದ್ದನ್ನು ಸುಮ್ನೆ ಹೀಗೆ ಕೆಡಿಸಿದರೆ ಹೊಟ್ಟೆ ಉರಿಯುತ್ತದೆ. ಕಿಟಕಿಗೆ ಖಾಲಿ ಡಬ್ಬಿ ಇಡಿ, ಸಾಕು. ಚಾಕೊಲೇಟ್ ಒಳಗೆ ನೆರಳಲ್ಲಿ, 16–18 ಡಿಗ್ರಿಯಲ್ಲಿರಲಿ.